ನೋವಾ ವೆಬ್‌ಸ್ಟರರು: ಶಬ್ದಗಳನ್ನು ಬಿಡಿಸಿ ಓದಲು ಕಲಿಸಿದ ಉಪಾಧ್ಯಾಯರು

ದೇವದುರ್ಗ, ಮಾನ್ವಿಗಳ ಕಡೆಯಿಂದ ರಾಯಚೂರಿಗೆ ಬಂದು ಹೈಸ್ಕೂಲು ಸೇರುವ ಬಾಲಿಕೆಯರಿಗೆ ಇಂಗ್ಲಿಷ್ ಸ್ಪೆಲ್ಲಿಂಗೇ ಮೊದಲ ಕಂಟಕವಾಗಿ ತೋರುವುದನ್ನು ನಾವು ಬಲ್ಲೆವು. ಕನ್ನಡದಲ್ಲಿ ಕಾಗುಣಿತ ಬಂದರೆ ಓದು ಬಂದಂತೆಯೇ, ಇಂಗ್ಲಿಷಿನಲ್ಲಿ ಹಾಗಲ್ಲ. ಈ ಕಷ್ಟವನ್ನು ಹಗುರಗೊಳಿಸಲು ಶ್ರಮಿಸಿದ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ನೋವಾ ವೆಬ್‌ಸ್ಟರರು ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡಿನ ಬಳಿ 1758ನೆಯ ಇಸವಿ ಅಕ್ಟೋಬರ್ 16ರಂದು ಒಕ್ಕಲುತನದ ಮನೆಯಲ್ಲಿ ಜನಿಸಿದರು. ತಂದೆಯವರು ಹೊಲವನ್ನು ಅಡವಿಟ್ಟು ಮಗನನ್ನು ಯೇಲ್ ಕಾಲೇಜಿಗೆ ಕಳುಹಿಸಿದರು. 1778ರಲ್ಲಿ ಪದವಿಯನ್ನು ಪಡೆದ ತರುವಾಯ ವೆಬ್‌ಸ್ಟರರು ಉಪಾಧ್ಯಾಯವೃತ್ತಿಯನ್ನು ಕೈಕೊಂಡರು.

ಆಗ ಅಲ್ಲಿಯ ಶಾಲೆಗಳಲ್ಲಿ ಇಂಗ್ಲೆಂಡಿನ ಡಿಲ್‌ವರ್ತ್ ಎಂಬವರ ಪುಸ್ತಕವು ಬಳಕೆಯಲ್ಲಿತ್ತು. ಅದರಲ್ಲಿ ಶಬ್ದಗಳನ್ನು ಲ್ಯಾಟಿನ್ ಕ್ರಮದಂತೆ ಬಿಡಿಸಿ, ನಡುವಣ ವ್ಯಂಜನವನ್ನು ಮುಂದಿನ ಸ್ವರಕ್ಕೆ ಸೇರಿಸುತ್ತಿದ್ದರು. ಇಂಗ್ಲಿಷಿನಲ್ಲಿ ತುಂಡಿನ ಕೊನೆಗೆ ಸ್ವರವು ಬಂದರೆ ಅದು ಸಾಮಾನ್ಯವಾಗಿ ದೀರ್ಘವಾಗುತ್ತದೆ. ಆದಕಾರಣ ಬಿಷಪ್ ಎಂಬುದನ್ನು ‘ಬಿ-ಷಪ್’ ಎಂದು ಒಡೆದರೆ, ಮೊದಲ ತುಂಡನ್ನು ಮಗುವು ‘ಬೈ’ ಎಂದು ಓದೀತು. ವೆಬ್‌ಸ್ಟರರು ಅದನ್ನು ‘ಬಿಷ್-ಅಪ್’ ಎಂದು ಒಡೆದರು. ಹಳೆಯ ಪುಸ್ತಕವು ಮೂರು ತುಂಡು ಮಾಡುತ್ತಿದ್ದ ನೇಷನ್ ಎಂಬ ಶಬ್ದವನ್ನು ಬಾಯಿಂದ ಹೊರಡುವಂತೆ ‘ನೇ-ಷನ್’ ಎಂದು ಎರಡೇ ತುಂಡಾಗಿಸಿದರು. ಶಾಸ್ತ್ರಕ್ಕಿಂತ ಕಿವಿಯೇ ಪ್ರಮಾಣವೆಂಬುದು ಅವರ ಮತವಾಗಿತ್ತು. 1783ರಲ್ಲಿ ಪ್ರಕಟವಾದ ಈ ಪುಸ್ತಕವು ನೀಲಿ ಹೊದಿಕೆಯಿಂದ ಪ್ರಸಿದ್ಧವಾಗಿ, ಕಾಲಕ್ರಮದಲ್ಲಿ ಕೋಟ್ಯಂತರ ಪ್ರತಿಗಳು ಮಾರಾಟವಾದವು.

ಉಚ್ಚಾರವಿಲ್ಲದ ಅಕ್ಷರಗಳನ್ನು ಬಿಡಬೇಕೆಂದು ಅವರು ಮಾಡಿದ ಸೂಚನೆಗಳಲ್ಲಿ ಹಲವನ್ನು ಜನರು ಒಪ್ಪಲಿಲ್ಲ. ಆದರೂ ಅವರು ಎದೆಗುಂದದೆ ದುಡಿದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, 1828ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟನ್ನು ಹೊರತಂದರು. 1843ನೆಯ ಮೇ 28ರಂದು ನ್ಯೂ ಹೇವನ್ ನಗರದಲ್ಲಿ ದೈವಾಧೀನರಾದರು.

ಈ ಚರಿತ್ರೆಯಿಂದ ನಮಗೇನು ಪ್ರಯೋಜನ? ನಮ್ಮ ಕನ್ನಡ ಲಿಪಿಯೂ ವ್ಯಂಜನವನ್ನು ಮುಂದಿನ ಸ್ವರಕ್ಕೇ ಕೂಡಿಸುತ್ತದೆ. ಹ್ರಸ್ವ ದೀರ್ಘಗಳು ಅಕ್ಷರದಲ್ಲಿಯೇ ಕಾಣುವುದರಿಂದ ಅಲ್ಲಿ ತೊಡಕಿಲ್ಲ. ಅದೇ ರೂಢಿಯಿಂದ ಇಂಗ್ಲಿಷನ್ನು ಬಿಡಿಸಿದಾಗ ನಮ್ಮ ಬಾಲಿಕೆಯರು ಎಡವುವರು. ಅದು ಬುದ್ಧಿಯ ಕೊರತೆಯಲ್ಲ, ಲಿಪಿಯ ಅಭ್ಯಾಸ. ಆದುದರಿಂದ ಇಂದು ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರು ಮಗಳನ್ನು ಗದರಿಸದೆ, ಶಬ್ದವನ್ನು ಮೊದಲು ಗಟ್ಟಿಯಾಗಿ ಹೇಳಿಸಿ, ಕೇಳಿಬಂದ ತುಂಡುಗಳನ್ನು ಬೆರಳಿನಿಂದ ಎಣಿಸಿ, ಒಂದೊಂದಾಗಿ ಬರೆಯಿಸಲಿ. ಉಚ್ಚಾರವಿಲ್ಲದ ಅಕ್ಷರಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ಉಳಿದ ಭಾರವು ಬಹುಮಟ್ಟಿಗೆ ಇಳಿಯುವುದೆಂದು ನಾವು ನಂಬುತ್ತೇವೆ.