ರಕ್ತಪರಿಚಲನೆಯನ್ನು ಕಂಡ ಹಾರ್ವೆ

ಎದೆಯ ಮೇಲೆ ಕೈಯಿಟ್ಟರೆ ಹೃದಯದ ಮಿಡಿತವು ಯಾರ ಅನುಭವಕ್ಕಾದರೂ ಬರುತ್ತದೆ. ಆ ಮಿಡಿತದೊಂದಿಗೆ ಹೊರಟ ರಕ್ತ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಇಂದು ಶಾಲೆಯ ಮಕ್ಕಳೂ ಉತ್ತರ ಹೇಳಬಲ್ಲರು. ಆದರೆ ನಾನ್ನೂರು ವರ್ಷಗಳ ಹಿಂದೆ ಯುರೋಪಿನ ಹೆಸರಾಂತ ವೈದ್ಯರಿಗೂ ಅದರ ಸರಿಯಾದ ಉತ್ತರ ತಿಳಿದಿರಲಿಲ್ಲ. ಅದನ್ನು ಪ್ರಮಾಣಪೂರ್ವಕವಾಗಿ ತೋರಿಸಿಕೊಟ್ಟವನು ವಿಲಿಯಂ ಹಾರ್ವೆ.

ಹಾರ್ವೆ 1578ನೆಯ ಇಸವಿ ಏಪ್ರಿಲ್ 1ರಂದು ಇಂಗ್ಲೆಂಡಿನ ಕಡಲತೀರದ ಊರಾದ ಫೋಕ್‌ಸ್ಟನ್‌ನಲ್ಲಿ ಜನಿಸಿದನು. ಕ್ಯಾಂಟರ್‌ಬರಿಯಲ್ಲಿ ಶಾಲಾಶಿಕ್ಷಣವನ್ನು ಪಡೆದು, 1597ರಲ್ಲಿ ಕೇಂಬ್ರಿಜ್‌ನಲ್ಲಿ ಪದವೀಧರನಾದನು. ಬಳಿಕ ವೈದ್ಯಶಾಸ್ತ್ರಕ್ಕೆ ಹೆಸರಾಗಿದ್ದ ಇಟಲಿಯ ಪಡುವಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಅವನ ಗುರು ಫ್ಯಾಬ್ರೀಸಿಯಸ್, ಅಭಿಧಮನಿಗಳ ಒಳಗಿರುವ ಪುಟ್ಟ ಕವಾಟಗಳನ್ನು ಶಿಷ್ಯರಿಗೆ ತೋರಿಸುತ್ತಿದ್ದನು. ರಕ್ತವು ಕೈಕಾಲುಗಳಿಗೆ ರಭಸದಿಂದ ಇಳಿಯದಂತೆ ಅವು ತಡೆಯುತ್ತವೆಂದು ಗುರುವಿನ ನಂಬಿಕೆ. 1602ರಲ್ಲಿ ವೈದ್ಯಪದವಿಯೊಡನೆ ಸ್ವದೇಶಕ್ಕೆ ಮರಳಿದ ಶಿಷ್ಯನ ಮನಸ್ಸಿನಲ್ಲಿ ಆ ಕವಾಟಗಳು ಉಳಿದುಕೊಂಡವು.

ಆಗ ಎಲ್ಲರಿಗೂ ಪ್ರಮಾಣವಾಗಿದ್ದುದು ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯ ಗೇಲನ್‌ನ ಮತ. ಉಂಡ ಆಹಾರವು ಯಕೃತ್ತಿನಲ್ಲಿ ರಕ್ತವಾಗುತ್ತದೆ. ಅಲ್ಲಿಂದ ಹರಿದು ಅಂಗಾಂಗಗಳನ್ನು ಪೋಷಿಸಿ ಅಲ್ಲಿಯೇ ಮುಗಿದುಹೋಗುತ್ತದೆ. ಅದರಲ್ಲಿ ಸ್ವಲ್ಪ ಭಾಗವು ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದು ಅವನು ಹೇಳಿದ್ದನು. ರಕ್ತವು ನಡುಗೋಡೆಯ ಮೂಲಕವಲ್ಲ, ಶ್ವಾಸಕೋಶಗಳ ಮೂಲಕ ಎಡಕ್ಕೆ ಬರುತ್ತದೆಂದು ಹದಿಮೂರನೆಯ ಶತಮಾನದ ಅರಬ್ ವೈದ್ಯ ಇಬ್ನ್ ಅಲ್ ನಫೀಸನೂ, ಮುಂದೆ ಪಡುವಾದಲ್ಲಿ ಬೋಧಿಸಿದ ಕೊಲಂಬೋನೂ ತಿಳಿಸಿದ್ದರು. ಆದರೂ ಹದಿನಾಲ್ಕು ಶತಮಾನಗಳ ನಂಬಿಕೆ ಅಲುಗಲಿಲ್ಲ.

ಹಾರ್ವೆ 1609ರಲ್ಲಿ ಲಂಡನ್ನಿನ ಸಂತ ಬಾರ್ಥಲೋಮಿಯೋ ಆಸ್ಪತ್ರೆಯ ವೈದ್ಯನಾದನು. 1618ರಲ್ಲಿ ಅರಸನಾದ ಒಂದನೆಯ ಜೇಮ್ಸನ ವೈದ್ಯರಲ್ಲೊಬ್ಬನಾದನು. ಕೆಲಸದ ನಡುವೆಯೂ ಅವನು ಅನೇಕ ಬಗೆಯ ಪ್ರಾಣಿಗಳ ಹೃದಯವನ್ನು ಪರೀಕ್ಷಿಸುತ್ತ ಬಂದನು. ಹೃದಯವು ಸಂಕುಚಿಸಿದಾಗ ಗಟ್ಟಿಯಾಗಿ ರಕ್ತವನ್ನು ಹೊರದೂಡುತ್ತದೆಂಬುದು ಅವನಿಗೆ ಸ್ಪಷ್ಟವಾಯಿತು. ಆಗ ಅವನು ಒಂದು ಸರಳವಾದ ಲೆಕ್ಕವನ್ನು ಮಾಡಿದನು. ಮಿಡಿತಕ್ಕೆ ಅರ್ಧ ಔನ್ಸ್ ರಕ್ತ ಮಾತ್ರ ಹೊರಬರುವುದೆಂದಿಟ್ಟುಕೊಂಡರೂ, ಅರ್ಧ ಗಂಟೆಯ ಸಾವಿರ ಮಿಡಿತಗಳಿಗೆ ಐನೂರು ಔನ್ಸ್ ಆಗುತ್ತದೆ. ಇಡೀ ದೇಹದಲ್ಲಿಯೂ ಅಷ್ಟು ರಕ್ತವಿಲ್ಲ. ಅಷ್ಟನ್ನು ಒದಗಿಸುವ ಊಟವನ್ನು ಯಾರೂ ಉಣ್ಣಲಾರರು. ಆದುದರಿಂದ ಹೊರಟ ರಕ್ತವೇ ಮತ್ತೆ ಹೃದಯಕ್ಕೆ ಹಿಂದಿರುಗುತ್ತಿರಬೇಕು.

ಲೆಕ್ಕಕ್ಕೆ ಪ್ರಯೋಗದ ಬೆಂಬಲವೂ ದೊರೆಯಿತು. ತೋಳನ್ನು ಬಲವಾಗಿ ಕಟ್ಟಿದಾಗ ಕೈ ತಣ್ಣಗಾಗಿ, ಮಣಿಕಟ್ಟಿನ ನಾಡಿಯು ನಿಂತಿತು. ಕಟ್ಟನ್ನು ಸ್ವಲ್ಪ ಸಡಿಲಿಸಿದಾಗ, ಆಳದಲ್ಲಿರುವ ಅಪಧಮನಿಯಲ್ಲಿ ರಕ್ತ ಇಳಿದುಬಂದಿತು. ಮೇಲ್ಭಾಗದ ಅಭಿಧಮನಿಗಳು ಕಟ್ಟಿನ ಕೆಳಗೆ ಉಬ್ಬಿಕೊಂಡವು. ಉಬ್ಬಿದ ಅಭಿಧಮನಿಯ ರಕ್ತವನ್ನು ಬೆರಳಿನಿಂದ ಹೃದಯದ ಕಡೆಗೆ ತಳ್ಳಿದರೆ ಅದು ಸರಾಗವಾಗಿ ಸರಿಯಿತು. ಅಂಗೈಯ ಕಡೆಗೆ ತಳ್ಳಿದರೆ ಕವಾಟದ ಬಳಿ ನಿಂತಿತು. ಗುರು ತೋರಿಸಿದ್ದ ಕವಾಟಗಳ ನಿಜವಾದ ಕೆಲಸವು ಹೀಗೆ ಶಿಷ್ಯನಿಗೆ ತಿಳಿಯಿತು.

ವರ್ಷಗಳ ಪರೀಕ್ಷೆಯ ಅನಂತರ, 1628ರಲ್ಲಿ ಹಾರ್ವೆ ತನ್ನ ಸಿದ್ಧಾಂತವನ್ನು ಎಪ್ಪತ್ತೆರಡು ಪುಟಗಳ ಲ್ಯಾಟಿನ್ ಗ್ರಂಥವಾಗಿ ಪ್ರಕಟಿಸಿದನು. ವಿರೋಧವು ತೀವ್ರವಾಗಿಯೇ ಬಂದಿತು. ಪ್ಯಾರಿಸಿನ ಪಂಡಿತ ರಿಯೊಲಾನನು ಅದನ್ನು ಖಂಡಿಸಿದನು. ರೋಗಿಗಳು ಸಹ ಅವನ ಬಳಿಗೆ ಬರುವುದು ಕಡಿಮೆಯಾಯಿತೆಂದು ಹೇಳುತ್ತಾರೆ. ಅವನ ವಾದದಲ್ಲಿ ಒಂದು ಕೊರತೆಯೂ ಇದ್ದಿತು. ಅಪಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತವು ದಾಟುವ ದಾರಿಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆದರೆ ಲೆಕ್ಕವೂ ಪ್ರಯೋಗವೂ ಒಂದನ್ನೇ ಸಾರುತ್ತಿದ್ದುದರಿಂದ ಅವನು ತನ್ನ ನಿಲುವನ್ನು ಬಿಡಲಿಲ್ಲ.

1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧವು ಆರಂಭವಾಯಿತು. ಹಾರ್ವೆ ಅರಸನ ಪಕ್ಷದವನಾಗಿದ್ದುದರಿಂದ ಲಂಡನ್ನಿನ ಅವನ ವಸತಿಯು ಸೂರೆಯಾಗಿ, ಅನೇಕ ವರ್ಷಗಳ ಶ್ರಮದ ಟಿಪ್ಪಣಿಗಳು ನಾಶವಾದವು. ಈ ನಷ್ಟವು ಅವನನ್ನು ಬಹಳವಾಗಿ ನೋಯಿಸಿತು. ಆದರೂ ಅಧ್ಯಯನವನ್ನು ನಿಲ್ಲಿಸದೆ, 1651ರಲ್ಲಿ ಪ್ರಾಣಿಗಳ ಉತ್ಪತ್ತಿಯನ್ನು ಕುರಿತು ಇನ್ನೊಂದು ಗ್ರಂಥವನ್ನು ಹೊರತಂದನು. 1657ರ ಜೂನ್ 3ರಂದು ಅವನು ನಿಧನನಾದನು.

ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಪಧಮನಿ ಅಭಿಧಮನಿಗಳನ್ನು ಕೂಡಿಸುವ ಲೋಮನಾಳಗಳನ್ನು ಕಂಡನು. ಹಾರ್ವೆ ಊಹಿಸಿದ್ದ ದಾರಿ ಅದೇ. ಕಪ್ಪಾಗಿ ಬಂದ ರಕ್ತವು ಶ್ವಾಸಕೋಶದಲ್ಲಿ ಗಾಳಿಯ ಸಂಪರ್ಕದಿಂದ ಕೆಂಪೇರುತ್ತದೆಂದು 1669ರಲ್ಲಿ ರಿಚರ್ಡ್ ಲೋವರ್ ತೋರಿಸಿದನು. ನಾವು ಒಳಗೆಳೆದುಕೊಂಡ ಉಸಿರಿನ ಆಮ್ಲಜನಕವನ್ನು ರಕ್ತವು ಅಂಗಾಂಗಗಳಿಗೆ ಒಯ್ದು, ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶಕ್ಕೆ ತರುತ್ತದೆಂಬುದು ಮುಂದೆ ತಿಳಿದುಬಂದಿತು. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ವಿಶ್ರಾಂತಿಯಲ್ಲಿರುವಾಗಲೂ ಹೃದಯವು ಹೆಚ್ಚುಕಡಿಮೆ ಅಷ್ಟನ್ನೂ ನಿಮಿಷಕ್ಕೊಮ್ಮೆ ಸುತ್ತಿಸುತ್ತದೆ. ಈ ಜ್ಞಾನಕ್ಕೆಲ್ಲ ತಳಹದಿಯಾದದ್ದು, ಹಿರಿಯರ ಮಾತನ್ನೂ ಪರೀಕ್ಷಿಸಿ ನೋಡಲು ಹಿಂಜರಿಯದ ಹಾರ್ವೆಯ ಧೈರ್ಯ ಮತ್ತು ತಾಳ್ಮೆ.