ಕೊನೆಯಿಂದ ಆಟ ಕಲಿತವನು

ಚೆಸ್ ಕಲಿಯುವವರಿಗೆ ಹೊಸೆ ರೌಲ್ ಕಾಪಾಬ್ಲಾಂಕ ಎಂಬ ಹೆಸರು ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ನನಗೆ ಎದುರಾದದ್ದು ಎರಡನೇ ವರ್ಷದ ಬಿ.ಇ. ಓದುವಾಗ, ಹಾಸ್ಟೆಲ್‌ನಲ್ಲಿ ಮೊಬೈಲ್ ಹಿಡಿದು ಎಂಡ್‌ಗೇಮ್ ಪಜಲ್ ಬಿಡಿಸಲು ಶುರು ಮಾಡಿದ ಮೇಲೆ. ಯಾವ ಪಜಲ್‌ನ ಬೆನ್ನು ಹತ್ತಿ ಹೋದರೂ ವಿವರಣೆಯಲ್ಲಿ ಈ ಮನುಷ್ಯನ ಯಾವುದೋ ಆಟದ ಪ್ರಸ್ತಾಪ ಇದ್ದೇ ಇರುತ್ತಿತ್ತು. ಕುತೂಹಲಕ್ಕೆ ಆತನ ಬದುಕನ್ನೂ ಓದಿದೆ. ಆತನೂ ಒಂದು ಕಾಲದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ಎಂದು ಗೊತ್ತಾದ ಮೇಲೆ ಆಸಕ್ತಿ ಇನ್ನೂ ಹೆಚ್ಚಿತು.

ಕಾಪಾಬ್ಲಾಂಕ ಹುಟ್ಟಿದ್ದು 1888ರ ನವೆಂಬರ್ 19ರಂದು, ಕ್ಯೂಬಾದ ಹವಾನಾದಲ್ಲಿ. ಅಪ್ಪ ಸೇನಾಧಿಕಾರಿ. ನಾಲ್ಕು ವರ್ಷದವನಿದ್ದಾಗ ಅಪ್ಪ ಆಡುವುದನ್ನು ನೋಡಿ ನೋಡಿಯೇ ಆಟ ಕಲಿತನಂತೆ. ಅಪ್ಪ ಕುದುರೆಯನ್ನು ತಪ್ಪು ಮನೆಗೆ ನಡೆಸಿದ್ದನ್ನು ಹಿಡಿದು ತೋರಿಸಿ, ಆಮೇಲೆ ಅಪ್ಪನನ್ನೇ ಸೋಲಿಸಿದ್ದಾಗಿ ದೊಡ್ಡವನಾದ ಮೇಲೆ ತಾನೇ ಹೇಳಿಕೊಂಡಿದ್ದಾನೆ. ಹುಟ್ಟು ಪ್ರತಿಭೆ ಎಂಬ ಪಟ್ಟ ಅಲ್ಲಿಂದಲೇ ಅಂಟಿಕೊಂಡಿತು.

ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. 1901ರ ಕೊನೆಯಲ್ಲಿ, ಹದಿಮೂರರ ಹೊಸ್ತಿಲಲ್ಲಿದ್ದ ಈ ಹುಡುಗ ಕ್ಯೂಬಾದ ಅಗ್ರ ಆಟಗಾರ ಹುವಾನ್ ಕೊರ್ಸೊ ಜೊತೆ ಪಂದ್ಯ ಆಡಿದ. 4 ಗೆಲುವು, 3 ಸೋಲು, 6 ಡ್ರಾ; ಪಂದ್ಯ ಹುಡುಗನದ್ದಾಯಿತು. ಅದಕ್ಕೂ ಮುಂಚೆ ಆತನ ಕೈಗೆ ಸಿಕ್ಕಿದ್ದ ಕೆಲವೇ ಪುಸ್ತಕಗಳಲ್ಲಿ ಒಂದು ಎಂಡ್‌ಗೇಮ್ ಕುರಿತದ್ದು. ಹುಡುಗನಿಗೆ ಹಿಡಿಸಿದ್ದು ಅದೇ. ಮೊದಲ ಹತ್ತು ನಡೆಗಳನ್ನು ಬಾಯಿಪಾಠ ಮಾಡುವ ವಯಸ್ಸಿನಲ್ಲಿ ಆತ ಬೋರ್ಡ್ ಬಹುತೇಕ ಖಾಲಿಯಾದ ಮೇಲೆ ಏನು ಮಾಡಬೇಕೆಂದು ಕಲಿಯುತ್ತಿದ್ದ.

1906ರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಲು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. ಓದಿನ ಖರ್ಚು ಕೊಡುತ್ತಿದ್ದವನು ಕ್ಯೂಬಾದ ಒಬ್ಬ ಶ್ರೀಮಂತ. ಹುಡುಗ ಕ್ಲಾಸಿಗಿಂತ ಹೆಚ್ಚಾಗಿ ಮ್ಯಾನ್‌ಹಟನ್ ಚೆಸ್ ಕ್ಲಬ್‌ನಲ್ಲೇ ಇರತೊಡಗಿದಾಗ ಆ ಹಣ ನಿಂತಿತು, 1908ರಲ್ಲಿ ಓದೂ ನಿಂತಿತು. ಇದನ್ನು ಓದಿ ಕಾಲೇಜು ಬಿಡುವ ಉಮೇದು ಯಾರಿಗೂ ಬರಬೇಕಿಲ್ಲ. ಆತ ಕಾಲೇಜು ಬಿಡುವ ಹೊತ್ತಿಗೆ ಅಮೆರಿಕದ ಬಲಿಷ್ಠ ಆಟಗಾರರ ಎದುರು ಕೂತು ತನ್ನ ಮಟ್ಟ ಎಷ್ಟೆಂದು ಅಳೆದು ನೋಡಿಯಾಗಿತ್ತು. ಮರುವರ್ಷವೇ ಅಮೆರಿಕದ ದಿಗ್ಗಜ ಫ್ರಾಂಕ್ ಮಾರ್ಷಲ್‌ನನ್ನು 8 ಗೆಲುವು, 1 ಸೋಲು, 14 ಡ್ರಾಗಳಿಂದ ಮಣಿಸಿದ.

ಮಾರ್ಷಲ್ ದೊಡ್ಡ ಮನಸ್ಸಿನವನು. ತನ್ನನ್ನು ಸೋಲಿಸಿದವನಿಗೆ 1911ರ ಸ್ಯಾನ್ ಸೆಬಾಸ್ಟಿಯನ್ ಟೂರ್ನಿಯಲ್ಲಿ ಅವಕಾಶ ಕೊಡಬೇಕೆಂದು ಅವನೇ ಒತ್ತಾಯಿಸಿದ. ಹೆಸರು ಮಾಡದ ಈ ಹುಡುಗನಿಗೆ ಯಾಕೆ ಜಾಗ ಎಂದು ಬರ್ನ್‌ಸ್ಟೈನ್ ತಕರಾರು ತೆಗೆದ. ಕಾಪಾಬ್ಲಾಂಕ ಮೊದಲ ಸುತ್ತಿನಲ್ಲೇ ಆ ಬರ್ನ್‌ಸ್ಟೈನ್‌ನನ್ನು ಸೋಲಿಸಿದ. ಕೊನೆಗೆ ಟೂರ್ನಿಯನ್ನೂ ಗೆದ್ದ. ಅನುಭವ ಇಲ್ಲ ಎಂಬ ಒಂದೇ ಮಾತಿಗೆ ಇಂಟರ್‌ವ್ಯೂಗಳಿಂದ ವಾಪಸ್ ಬರುವ ನನ್ನ ಸೀನಿಯರ್‌ಗಳಿಗೆ ಈ ಕತೆ ಹೇಳಿದಾಗ, ಅವರಿಗೆ ತುಂಬಾ ಇಷ್ಟವಾಗುವುದು ಮಾರ್ಷಲ್‌ನ ಪಾತ್ರ!

1921ರಲ್ಲಿ ಹವಾನಾದಲ್ಲಿ ಇಮ್ಯಾನುಯೆಲ್ ಲಾಸ್ಕರ್ ವಿರುದ್ಧ ಒಂದೂ ಆಟ ಸೋಲದೆ, 4 ಗೆದ್ದು 10 ಡ್ರಾ ಮಾಡಿ ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಬಂದ ‘ಚೆಸ್ ಫಂಡಮೆಂಟಲ್ಸ್’ ಪುಸ್ತಕದ ಕ್ರಮ ನೋಡಿ. ಮೊದಲ ಪಾಠ, ಒಂದು ಆನೆ ಮತ್ತು ರಾಜ ಸೇರಿ ಒಂಟಿ ರಾಜನಿಗೆ ಚೆಕ್‌ಮೇಟ್ ಕೊಡುವುದು ಹೇಗೆ ಎಂಬುದು. ಮುಂದಿನದು, ಒಂದು ಪೇದೆಯನ್ನು ಕೊನೆಯ ಸಾಲಿಗೆ ದಾಟಿಸುವುದು ಹೇಗೆ ಎಂದು. ಕಾರಣ ಸರಳ. ಬೋರ್ಡ್ ತುಂಬ ಕಾಯಿಗಳಿದ್ದಾಗ ಪ್ರತಿ ಕಾಯಿಯ ಬಲ ಎಷ್ಟೆಂದು ತಿಳಿಯುವುದಿಲ್ಲ. ಎರಡು ಮೂರೇ ಕಾಯಿ ಉಳಿದಾಗ ತಿಳಿಯುತ್ತದೆ. ಯಾವ ಕೊನೆ ಗೆಲುವು, ಯಾವ ಕೊನೆ ಡ್ರಾ ಎಂದು ಗೊತ್ತಿದ್ದವನಿಗೆ ನಡುವಿನ ಆಟದಲ್ಲಿ ಏನನ್ನು ಕೊಟ್ಟು ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಿರುತ್ತದೆ. ತಲುಪಬೇಕಾದ ಊರು ಯಾವುದೆಂದು ತಿಳಿಯದೆ ಬಸ್ ಹತ್ತಿದರೆ ಸೀಟು ಸಿಕ್ಕಿಯೂ ಪ್ರಯೋಜನವಿಲ್ಲ.

1916ರ ಫೆಬ್ರುವರಿಯಿಂದ 1924ರ ಮಾರ್ಚ್‌ವರೆಗೆ, 8 ವರ್ಷ, 63 ಅಧಿಕೃತ ಆಟಗಳಲ್ಲಿ ಆತನಿಗೆ ಸೋಲೇ ಇರಲಿಲ್ಲ. ಆ ಸರಣಿಯನ್ನು 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಮುರಿದವನು ರಿಚರ್ಡ್ ರೆಟಿ. ಪಜಲ್ ಬಿಡಿಸುವವರಿಗೆ ಈ ರೆಟಿ ಚಿರಪರಿಚಿತ. 1921ರಲ್ಲಿ ಆತ ರಚಿಸಿದ ಒಂದು ಪಜಲ್‌ನಲ್ಲಿ ಇರುವುದು ನಾಲ್ಕೇ ಕಾಯಿ. ಬಿಳಿ ರಾಜ ಎಚ್8ರಲ್ಲಿ, ಬಿಳಿ ಪೇದೆ ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಪೇದೆ ಎಚ್5ರಲ್ಲಿ. ಬಿಳಿಯ ನಡೆ, ಡ್ರಾ ಮಾಡಬೇಕು. ನೋಡಿದರೆ ಅಸಾಧ್ಯ: ಕಪ್ಪು ಪೇದೆಯನ್ನು ಹಿಡಿಯಲು ಬಿಳಿ ರಾಜ ತೀರಾ ಹಿಂದಿದ್ದಾನೆ, ತನ್ನ ಪೇದೆಯ ನೆರವಿಗೆ ಹೋಗಲು ತೀರಾ ದೂರದಲ್ಲಿದ್ದಾನೆ. ಉಪಾಯ ಎಂದರೆ ಓರೆಯಾಗಿ ನಡೆಯುವುದು. ಎಚ್8ರಿಂದ ಜಿ7, ಎಫ್6, ಇ5. ಚೆಸ್ ಬೋರ್ಡಿನ ಮೇಲೆ ಪೈಥಾಗೊರಸ್‌ನ ಲೆಕ್ಕ ನಡೆಯುವುದಿಲ್ಲ. ರಾಜನಿಗೆ ನೇರ ದಾರಿಗೂ ಓರೆ ದಾರಿಗೂ ಅಷ್ಟೇ ನಡೆ. ಹಾಗಾಗಿ ಒಂದೇ ನಡಿಗೆಯಲ್ಲಿ ಎರಡೂ ಕಡೆಗೆ ಹತ್ತಿರವಾಗುತ್ತಾನೆ. ಕಪ್ಪು ಒಂದನ್ನು ತಡೆದರೆ ಇನ್ನೊಂದು ಕೈಗೂಡುತ್ತದೆ. ಈ ಉತ್ತರ ಹೊಳೆಯಲು ನನಗೆ ಎರಡು ರಾತ್ರಿ ಬೇಕಾಯಿತು.

ಅದೇ ನ್ಯೂಯಾರ್ಕ್ ಟೂರ್ನಿಯಲ್ಲಿ ಕಾಪಾಬ್ಲಾಂಕ ಟಾರ್ಟಕೋವರ್ ವಿರುದ್ಧ ಆಡಿದ ಎಂಡ್‌ಗೇಮ್ ಇಂದಿಗೂ ಪಠ್ಯದಂತೆ ಉಳಿದಿದೆ. ಇಬ್ಬರ ಬಳಿಯೂ ಒಂದೊಂದು ಆನೆ ಮತ್ತು ಕೆಲವು ಪೇದೆ. ಕಾಪಾಬ್ಲಾಂಕ ತನ್ನ ಪೇದೆಗಳನ್ನು ಕಾಯುತ್ತ ಕೂರಲಿಲ್ಲ. ಎದುರಾಳಿಯ ಆನೆ ಚೆಕ್ ಕೊಡುತ್ತಲೇ ಎರಡು ಪೇದೆ ಕಬಳಿಸಲು ಬಿಟ್ಟು, ರಾಜನನ್ನು ಮುಂದೆ ನಡೆಸಿಕೊಂಡು ಹೋದ. ದಾರಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಎದುರಾಳಿಯ ಪೇದೆಯನ್ನು ಹೊಡೆಯದೆ ಅದರ ಪಕ್ಕದಿಂದ ದಾಟಿ ಅದರ ಬೆನ್ನಿಗೆ ನಿಂತ. ಆ ಪೇದೆಯೇ ಆನೆಯ ಚೆಕ್‌ಗಳಿಗೆ ಅಡ್ಡಗೋಡೆಯಾಯಿತು. ಅಷ್ಟರಲ್ಲಿ ರಾಜ, ಆನೆ, ಒಂದು ಪೇದೆ ಸೇರಿ ಕಪ್ಪು ರಾಜನನ್ನು ಮೂಲೆಗೆ ಒತ್ತಿದ್ದವು. ಎಣಿಸಿದರೆ ಕಾಯಿ ಕಡಿಮೆ, ಗೆಲುವು ಮಾತ್ರ ಆತನದೇ.

ಇಲ್ಲಿಯವರೆಗಿನ ಬದುಕು ನೋಡಿದರೆ ಅಸೂಯೆಯಾಗುತ್ತದೆ. 1927 ಬಂತು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ವಿಶ್ವಪಟ್ಟಕ್ಕೆ ಸವಾಲು ಹಾಕಿದವನು ಅಲೆಕ್ಸಾಂಡರ್ ಅಲೆಖೈನ್. ಅದಕ್ಕೂ ಮುಂಚೆ ಅಲೆಖೈನ್ ಒಮ್ಮೆಯೂ ಕಾಪಾಬ್ಲಾಂಕನನ್ನು ಸೋಲಿಸಿರಲಿಲ್ಲ. ಅದೇ ವರ್ಷದ ನ್ಯೂಯಾರ್ಕ್ ಟೂರ್ನಿಯಲ್ಲೂ ಕಾಪಾಬ್ಲಾಂಕನೇ ಮೊದಲಿಗ, ಅಲೆಖೈನ್ ಎರಡನೆಯವ. ಹೀಗಿದ್ದೂ 34 ಆಟಗಳ ಸುದೀರ್ಘ ಹಣಾಹಣಿಯಲ್ಲಿ ಅಲೆಖೈನ್ 6 ಗೆದ್ದ, ಕಾಪಾಬ್ಲಾಂಕ 3 ಗೆದ್ದ, 25 ಡ್ರಾ ಆದವು. ಪಟ್ಟ ಕೈತಪ್ಪಿತು.

ಅಲೆಖೈನ್ ಮಾಡಿದ್ದೇನು? ಗೇಟ್‌ಗೋ, ಕೆಎಎಸ್‌ಗೋ ತಯಾರಾಗುವ ನಾವು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರವಿಕೊಂಡು ಕೂರುತ್ತೇವಲ್ಲ, ಆತ ಕಾಪಾಬ್ಲಾಂಕನ ಹಳೆಯ ಆಟಗಳನ್ನು ಹಾಗೆ ಹರವಿಕೊಂಡು ಕೂತ. ಸೋಲೇ ಇಲ್ಲದವನು ಎಂಬ ಭಯಭಕ್ತಿ ಬದಿಗಿಟ್ಟು, ಎಲ್ಲಿ ಅವಸರ ಮಾಡುತ್ತಾನೆ, ಎಲ್ಲಿ ಮೊದಲು ಹೊಳೆದದ್ದನ್ನೇ ನಂಬುತ್ತಾನೆ ಎಂದು ಹುಡುಕಿದ. ಸುಲಭವಾಗಿ ಹೊಳೆಯುವುದು ಕಾಪಾಬ್ಲಾಂಕನಿಗೆ ವರವಾಗಿತ್ತು. ಹೊಳೆಯುತ್ತದೆ ಎಂಬ ಭರವಸೆಯೇ ತಯಾರಿಯನ್ನು ಸಡಿಲಗೊಳಿಸಿತು. ಬಾಲ್ಯದಲ್ಲಿ ಎಂಡ್‌ಗೇಮ್ ಪುಸ್ತಕ ಹಿಡಿದು ಕೂತ ಹುಡುಗನ ಶ್ರದ್ಧೆ, ಈ ಬಾರಿ ಎದುರಾಳಿಯ ಕಡೆಗಿತ್ತು.

ಮರುಪಂದ್ಯಕ್ಕಾಗಿ ಕಾಪಾಬ್ಲಾಂಕ ವರ್ಷಗಟ್ಟಲೆ ಕಾದ. ಸವಾಲು ಹಾಕುವವರು 10,000 ಡಾಲರ್ ಹೊಂದಿಸಬೇಕೆಂಬ ನಿಯಮವನ್ನು ಚಾಂಪಿಯನ್ ಆಗಿದ್ದಾಗ ಆತನೇ ಮುಂದಿಟ್ಟಿದ್ದ; ಈಗ ಅದೇ ನಿಯಮ ಆತನ ದಾರಿಗೆ ಅಡ್ಡವಾಯಿತು. ಮರುಪಂದ್ಯ ನಡೆಯಲೇ ಇಲ್ಲ. ಆದರೂ ಆತ ಆಡುವುದನ್ನು ಬಿಡಲಿಲ್ಲ. 1936ರಲ್ಲಿ ಮಾಸ್ಕೊ ಟೂರ್ನಿ ಗೆದ್ದ, ನಾಟಿಂಗ್‌ಹ್ಯಾಮ್‌ನಲ್ಲಿ ಯುವಕ ಬೊಟ್ವಿನ್ನಿಕ್ ಜೊತೆ ಮೊದಲ ಸ್ಥಾನ ಹಂಚಿಕೊಂಡ. ವಯಸ್ಸು ಆಗಲೇ 47. ಮುಂದೆ ರಕ್ತದೊತ್ತಡ ಕಾಡಿತು. 1942ರ ಮಾರ್ಚ್ 7ರ ಸಂಜೆ ಮ್ಯಾನ್‌ಹಟನ್ ಚೆಸ್ ಕ್ಲಬ್‌ನಲ್ಲಿ, ಓದು ಬಿಟ್ಟು ಕೂರುತ್ತಿದ್ದ ಆ ಕ್ಲಬ್‌ನಲ್ಲೇ, ಕುಸಿದುಬಿದ್ದ. ಮರುದಿನ ಬೆಳಗ್ಗೆ ತೀರಿಕೊಂಡ. ವಯಸ್ಸು 53.

ಈ ಬದುಕಿನಿಂದ ನಾನು ಎರಡು ಅಭ್ಯಾಸ ತೆಗೆದುಕೊಂಡಿದ್ದೇನೆ. ಒಂದು ಕಾಪಾಬ್ಲಾಂಕನದು: ಕೊನೆಯಿಂದ ಶುರು ಮಾಡುವುದು. ರಾತ್ರಿ ಊಟವಾದ ಮೇಲೆ ಒಂದೇ ಒಂದು ಎಂಡ್‌ಗೇಮ್, ಮೊಬೈಲ್ ಬದಿಗಿಟ್ಟು, ಮರದ ಬೋರ್ಡಿನ ಮೇಲೆ. ಉತ್ತರ ನೋಡುವ ಮುಂಚೆ ನನ್ನ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಇನ್ನೊಂದು ಅಲೆಖೈನ್‌ನದು: ದೊಡ್ಡವರ ಆಟವನ್ನು ಕಾಗದದಿಂದ ಮುಚ್ಚಿಕೊಂಡು, ಒಂದೊಂದೇ ನಡೆ ಊಹಿಸಿ, ಆಮೇಲೆ ಕಾಗದ ಸರಿಸಿ ನೋಡುವುದು. ನನ್ನ ಊಹೆ ಬೇರೆಯಾದ ಕಡೆ ನಿಂತು ಯಾಕೆ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷ ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಲ್ಲುವ ನಮಗೆ ಚುರುಕುತನ ಇದೆ ಎಂದು ಮನೆಯವರೂ ಮೇಷ್ಟ್ರೂ ಹೇಳಿದ್ದಾರೆ. ಕಾಪಾಬ್ಲಾಂಕನಿಗೂ ಹೇಳಿದ್ದರು, ಅವರು ಹೇಳಿದ್ದು ನಿಜವೂ ಆಗಿತ್ತು. ಆದರೆ ಬ್ಯೂನಸ್ ಐರಿಸ್‌ನಲ್ಲಿ ಪಟ್ಟ ಹೋದದ್ದು, ಆತನಷ್ಟೇ ಚುರುಕಾಗಿದ್ದು ಆತನಿಗಿಂತ ಹೆಚ್ಚು ಓದಿಕೊಂಡು ಬಂದವನ ಕೈಗೆ.