ಕಿರುಹೂವಿಗೆ ಹೆಸರಿತ್ತವನು

ನಮ್ಮ ಹಿತ್ತಲಿನ ಹಳೆಯ ಹಲಸಿನ ಮರದ ಕವಲಿನಲ್ಲಿ, ಕಳೆದ ಮಳೆಗಾಲದ ಕೊನೆಗೆ, ಹೆಬ್ಬೆರಳುದ್ದದ ಗಿಡವೊಂದು ನನ್ನ ಕಣ್ಣಿಗೆ ಬಿದ್ದಿತು. ಬೀಸಣಿಗೆಯಂತೆ ಒಂದರೊಳಗೊಂದು ಸೇರಿದ ಚಪ್ಪಟೆ ಎಲೆಗಳು. ಅವುಗಳ ನಡುವಿನಿಂದ ಇಳಿಬಿದ್ದ, ಇಲಿಯ ಬಾಲದಂತಹ ಒಂದು ತೆನೆ. ಮನೆಯವರು ಅದನ್ನು ಬಂದಳಿಕೆಯೆಂದು ಬಗೆದು ಕೆರೆದು ತೆಗೆಯಲು ಹೊರಟಿದ್ದರು, ನಾನು ತಡೆದೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸವನ್ನು ಹೀರುತ್ತದೆ. ಇದರ ಬೇರುಗಳಾದರೋ ತೊಗಟೆಯನ್ನು ಅಪ್ಪಿ ಹಿಡಿದಿದ್ದವು, ಅಷ್ಟೆ. ಭೂತಗನ್ನಡಿಯಲ್ಲಿ ನೋಡಿದಾಗ ತೆನೆಯ ಮೇಲಿನ ಸಾಸಿವೆಯಷ್ಟು ಸಣ್ಣ ಕಣಗಳು ಒಂದೊಂದೂ ಪರಿಪೂರ್ಣವಾದ ಹೂವುಗಳಾಗಿದ್ದವು: ಹೊರಗೆ ಮೂರು ಎಸಳು, ಒಳಗೆ ಮೂರು, ಅವುಗಳಲ್ಲೊಂದು ತುಟಿಯಾಕಾರದ್ದು. ಕಾಲೇಜಿನ ಸೂಕ್ಷ್ಮದರ್ಶಕದಡಿ ಹೂವೊಂದನ್ನು ಬಿಡಿಸಿದಾಗ ಪರಾಗವು ಪುಡಿಯಾಗಿರದೆ ಮೇಣದಂತಹ ನಾಲ್ಕು ಉಂಡೆಗಳಾಗಿ ಕಂಡಿತು. ಇದು ಆರ್ಕಿಡ್ ಎಂಬುದರಲ್ಲಿ ಸಂದೇಹವುಳಿಯಲಿಲ್ಲ. ಗ್ರಂಥಗಳನ್ನು ತಿರುವಿದಾಗ ಕುಲದ ಹೆಸರೂ ದೊರೆಯಿತು: ಒಬೆರೋನಿಯ.

ಯಕ್ಷರ ದೊರೆಯಾದ ಒಬೆರಾನನ ಹೆಸರನ್ನು ಈ ಕಿರುಸಸ್ಯಗಳಿಗೆ 1830ರಲ್ಲಿ ಇತ್ತವನು ಜಾನ್ ಲಿಂಡ್ಲೆ. ಆತನ ಬಾಳನ್ನು ಅರಸಿ ಓದಿದಂತೆಲ್ಲ ನನ್ನ ಅಚ್ಚರಿ ಹೆಚ್ಚಿತು. ಕಣ್ಣಿಗೆ ಸಿಕ್ಕಲಾರದ ಹೂವುಗಳ ಭೇದವನ್ನು ಜಗತ್ತಿಗೆ ಕಲಿಸಿದ ಈ ಪುರುಷನ ಒಂದು ಕಣ್ಣಿಗೆ ದೃಷ್ಟಿಯೇ ಇರಲಿಲ್ಲ!

1799ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಬಳಿಯ ಕ್ಯಾಟನ್ನಿನಲ್ಲಿ ಆತ ಹುಟ್ಟಿದ. ತಂದೆ ಸಸಿತೋಟದ ಒಡೆಯ. ಗಿಡಗಳ ವಿಷಯದಲ್ಲಿ ನಿಪುಣ, ವ್ಯವಹಾರದಲ್ಲಿ ನಷ್ಟವುಂಡವನು. ಮಗನಿಗೆ ವಿಶ್ವವಿದ್ಯಾನಿಲಯದ ಓದು ಒದಗಲಿಲ್ಲ. ಒದಗಿದ್ದು ತಂದೆಯ ಸಾಲದ ಹೊರೆ. ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರನ ಸ್ನೇಹದಿಂದ ಲಂಡನ್ನಿನಲ್ಲಿ ಜೋಸೆಫ್ ಬ್ಯಾಂಕ್ಸನ ಗ್ರಂಥಭಂಡಾರದಲ್ಲಿ ಕೆಲಸ ಸಿಕ್ಕಿತು. 1822ರಲ್ಲಿ ತೋಟಗಾರಿಕೆಯ ಸಂಘವನ್ನು ಸೇರಿದ. 1829ರಲ್ಲಿ ಲಂಡನ್ನಿನ ಹೊಸ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದ. ಪದವಿಯಿಲ್ಲದವನು ಪದವೀಧರರಿಗೆ ಗುರುವಾದದ್ದು ಹೀಗೆ. ಪಾಠ, ಸಂಘದ ಕಾರ್ಯ, ಪತ್ರಿಕೆಗಳ ಸಂಪಾದನೆ—ಒಬ್ಬನೇ ಹಲವರ ದುಡಿಮೆ ದುಡಿದ. ಈ ನಡುವೆಯೇ, 1830ರಿಂದ 1840ರವರೆಗೆ, ಆರ್ಕಿಡ್‌ಗಳ ಕುಲಗಳನ್ನೂ ಜಾತಿಗಳನ್ನೂ ವಿಂಗಡಿಸುವ ಮಹಾಗ್ರಂಥವನ್ನು ಕಂತುಕಂತಾಗಿ ಹೊರತಂದ. ಹೂವಿನ ಗಾತ್ರವಾಗಲಿ ಬಣ್ಣವಾಗಲಿ ಆತನನ್ನು ಮರುಳುಗೊಳಿಸಲಿಲ್ಲ. ಪರಾಗದ ಉಂಡೆಗಳ ಸ್ವರೂಪವೇ ಆತನ ವಿಂಗಡಣೆಗೆ ಮುಖ್ಯ ಆಧಾರ. ಸಿರಿವಂತರ ಗಾಜಿನಮನೆಗಳಲ್ಲಿ ಮೆರೆದ ಕ್ಯಾಟ್ಲೆಯಕ್ಕೆ ಹೆಸರಿತ್ತವನೂ ಆತನೇ, ಯಾರೂ ತಿರುಗಿ ನೋಡದ ಒಬೆರೋನಿಯಕ್ಕೆ ಹೆಸರಿತ್ತವನೂ ಆತನೇ. ಭಾರತದ ನೆಲವನ್ನು ಆತ ಮೆಟ್ಟಲಿಲ್ಲ. ವಾಲಿಚ್ ಇಲ್ಲಿಂದ ಒಯ್ದ ಒಣಗಿದ ಗಿಡಗಳಲ್ಲಿಯೇ ನಮ್ಮ ಕಾಡುಗಳನ್ನು ಕಂಡ.

ಕ್ಯೂ ಉದ್ಯಾನದ ವೆಚ್ಚ ಸರ್ಕಾರಕ್ಕೆ ಭಾರವೆನಿಸಿದಾಗ, 1838ರಲ್ಲಿ ಅದನ್ನು ಪರಿಶೀಲಿಸಿ ವರದಿ ಬರೆದವನು ಲಿಂಡ್ಲೆ. ಅದು ರಾಷ್ಟ್ರದ ಉದ್ಯಾನವಾಗಬೇಕೆಂಬುದು ಆತನ ಮತ. ಸರ್ಕಾರ ಅಲ್ಲಿನ ಗಿಡಗಳನ್ನು ಹಂಚಿಬಿಡಲು ಹವಣಿಸಿದಾಗ, 1840ರಲ್ಲಿ, ಆತ ಪಾರ್ಲಿಮೆಂಟಿನವರೆಗೂ ವಿಷಯವನ್ನೊಯ್ದು ತಡೆದ. ಉದ್ಯಾನ ಉಳಿಯಿತು, 1841ರಲ್ಲಿ ಹಳೆಯ ಮಿತ್ರ ಹೂಕರನೇ ಅದರ ನಿರ್ದೇಶಕನಾದ.

1865ರ ನವೆಂಬರ್ 1ರಂದು ಲಿಂಡ್ಲೆ ತೀರಿಕೊಂಡ. ಆತ ಕೂಡಿಟ್ಟ ಆರ್ಕಿಡ್‌ಗಳ ಹಾಳೆಗಳು ಸೇರಿದ್ದು ತಾನು ಉಳಿಸಿದ ಆ ಕ್ಯೂವಿಗೇ. ಒಬೆರೋನಿಯದ ಜಾತಿಗಳನ್ನು ನಿಶ್ಚಯಿಸುವವರು ಇಂದಿಗೂ ಅಲ್ಲಿನ ಹಾಳೆಗಳನ್ನು ನೋಡಬೇಕಾಗುತ್ತದೆ.

ನನ್ನ ಗಿಡದ ಕುಲ ತಿಳಿಯಿತು. ಜಾತಿಯ ನಿರ್ಣಯವಿನ್ನೂ ಆಗಿಲ್ಲ. ಮನೆಯವರು ಈಗ ಹಲಸಿನ ಕಾಯಿ ಇಳಿಸುವಾಗ ಆ ಕವಲಿಗೆ ಏಣಿ ತಗುಲದಂತೆ ನೋಡಿಕೊಳ್ಳುತ್ತಾರೆ. ಹೆಸರೊಂದು ತಿಳಿದ ಮಾತ್ರಕ್ಕೆ ಒಂದು ಜೀವ ಉಳಿಯಿತು. ಲಿಂಡ್ಲೆ ಪಟ್ಟ ಶ್ರಮದ ಬೆಲೆ ನನಗೆ ಅರಿವಾದದ್ದು ಆಗ.